ಇಗರ್ಜಿಯಲ್ಲಿ ಸ್ಪೀಕರ್ ಜೋಡಿಸಿದ ದಿನ

ಜರ್ಮನಿಯ ಗ್ರೀನ್ ಕಾರ್ಡ್ ವೀಸಾ ಮೇಲೆ ನಮ್ಮ ಕಡೆಯಿಂದ ಬಂದವರಲ್ಲಿ ಹೆಚ್ಚಿನವರು ಕಾರು ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ನಾನು ಸೇರಿದ್ದು ಬೊಬ್ಲಿಂಗೆನ್‌ನ ಒಂದು ಸಣ್ಣ ಸೌಂಡ್ ಕಂಪನಿಗೆ. ಮೈಕಿನಿಂದ ಸ್ಪೀಕರಿಗೆ ದಪ್ಪ ಕೇಬಲ್ ಎಳೆಯುವ ಬದಲು, ಕಂಪ್ಯೂಟರಿಗೆ ಹಾಕುವ ಈಥರ್ನೆಟ್ ತಂತಿಯಲ್ಲೇ ಧ್ವನಿ ಕಳಿಸುವುದು ಆಗಷ್ಟೇ ಶುರುವಾಗಿತ್ತು. ನನ್ನ ಕೆಲಸ ಅದೇ.

ಆ ಶನಿವಾರ ಹತ್ತಿರದ ಹಳ್ಳಿಯೊಂದರ ಇಗರ್ಜಿಯಲ್ಲಿ ಭಾನುವಾರದ ಪ್ರಾರ್ಥನೆಗೆಂದು ಸ್ಪೀಕರ್ ಜೋಡಣೆಯಿತ್ತು. ಮನೆಯಲ್ಲಿ ಕೂತು ಕೂತು ಸಾಕಾಗಿದೆ ಎಂದು ಹೆಂಡತಿಯೂ ಹತ್ತು ತಿಂಗಳ ಮಗಳನ್ನು ಎತ್ತಿಕೊಂಡು ಬಂದಳು. ನನ್ನ ಜೊತೆಗಿದ್ದ ಹಿರಿಯ ಜರ್ಮನ್ ಟೆಕ್ನಿಷಿಯನ್ ಬೆಂಚಿನ ಮೇಲೆ ತನ್ನ ಜಾಕೆಟ್ ಹಾಸಿ ಮಗುವನ್ನು ಕೂರಿಸಿದ.

ಇಂಥ ಜೋಡಣೆಯಲ್ಲಿ ಧ್ವನಿ ಸಾಗಿಸುವ ಪೆಟ್ಟಿಗೆಗಳ ಪೈಕಿ ಒಂದು ಮಾತ್ರ ತಾಳ ಹಾಕಬೇಕು, ಉಳಿದವೆಲ್ಲ ಅದನ್ನೇ ಅನುಸರಿಸಬೇಕು. ಹಿಂಬದಿಯ ಪೆಟ್ಟಿಗೆ ತನ್ನದೇ ತಾಳ ಹಿಡಿದು ಓಡುತ್ತಿದ್ದುದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಧ್ವನಿ ಏರಿಸಿದ್ದೇ ತಡ, ಅಷ್ಟೂ ಸ್ಪೀಕರುಗಳಿಂದ ಪಟಾಕಿ ಸಿಡಿದಂಥ ಸದ್ದು. ಹೂ ಜೋಡಿಸುತ್ತಿದ್ದ ಅಜ್ಜಿ ಎದೆ ಹಿಡಿದುಕೊಂಡು ಕೂತುಬಿಟ್ಟರು. ನಾನು ಓಡಿ ವಾಲ್ಯೂಮ್ ಇಳಿಸಿ ಮಗುವಿನ ಕಡೆ ನೋಡಿದೆ. ಅವಳು ಜಾಕೆಟ್ಟಿನ ಜಿಪ್ ಚೀಪುತ್ತಾ ಆರಾಮಾಗಿ ಕೂತಿದ್ದಳು.

ಲ್ಯಾಪ್‌ಟಾಪ್‌ನಲ್ಲಿ ಆ ಪೆಟ್ಟಿಗೆಯ ಸೆಟ್ಟಿಂಗ್ ಸರಿಮಾಡುತ್ತಾ, ಗಟ್ಟಿಗಿತ್ತಿ ಎಂದು ನಾನು ನಕ್ಕೆ. ಹೆಂಡತಿ ನಗಲಿಲ್ಲ.

"ಇನ್ನೊಂದು ಸಲ ಮಾಡಿ," ಅಂದಳು.

"ಏನು?"

"ಆ ಸದ್ದು. ಅವಳು ತಿರುಗಲೇ ಇಲ್ಲ."

ಸರಿಮಾಡಿದ್ದ ಸೆಟ್ಟಿಂಗನ್ನು ನಾನೇ ಕೈಯಾರೆ ಕೆಡಿಸಿದೆ. ಅಜ್ಜಿಯನ್ನು ಹೊರಗೆ ಕಳಿಸಿ, ಮಗು ನನ್ನನ್ನು ಕಾಣದಂತೆ ಅವಳ ಬೆನ್ನ ಹಿಂದೆ ನಿಂತು ಧ್ವನಿ ಏರಿಸಿದೆ. ಟೆಕ್ನಿಷಿಯನ್ ಎರಡೂ ಕಿವಿ ಮುಚ್ಚಿಕೊಂಡ. ಮಗಳ ತಲೆ ಅಲುಗಲಿಲ್ಲ. ಅವನು ನನ್ನ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು, ಉಳಿದದ್ದನ್ನು ತಾನು ಮುಗಿಸುತ್ತೇನೆ, ನೀವು ಮನೆಗೆ ಹೋಗಿ ಎಂದ.

ಸ್ಟುಟ್‌ಗಾರ್ಟಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಕಿವಿಯ ನರವೇ ಬೆಳೆದಿಲ್ಲ, ಮಷೀನಿನಿಂದಾಗಲಿ ಆಪರೇಷನ್ನಿನಿಂದಾಗಲಿ ಉಪಯೋಗವಿಲ್ಲ ಎಂದು ಡಾಕ್ಟರು ನಿಧಾನವಾಗಿ, ನನಗೆ ಅರ್ಥವಾಗುವಂಥ ಜರ್ಮನ್‌ನಲ್ಲಿ ಹೇಳಿದರು. ಅದನ್ನು ಹೆಂಡತಿಗೆ ಕನ್ನಡದಲ್ಲಿ ಹೇಳಬೇಕಾದವನು ನಾನು. ಎಸ್-ಬಾನ್ ರೈಲಿನಲ್ಲಿ, ಮಡಿಲಲ್ಲಿ ನಿದ್ದೆಹೋಗಿದ್ದ ಮಗಳ ಕೂದಲು ಸವರುತ್ತಾ ಅವಳು ಕೇಳಿದಳು:

"ಹಾಗಾದ್ರೆ ಇಷ್ಟು ದಿನ ನಾನು ಲಾಲಿ ಹಾಡಿದ್ದು ಯಾರಿಗೆ?"

ಇಳಿಯುವ ಸ್ಟೇಷನ್ ಬಂದಾಗ ಮಗಳನ್ನು ನಾನೇ ಎತ್ತಿಕೊಂಡೆ.

ಮಗಳು ಇಲ್ಲೇ ಬೆಳೆದಳು. ಜರ್ಮನ್ ಸನ್ನೆ ಭಾಷೆ ಅವಳಿಗೆ ನೀರು ಕುಡಿದಷ್ಟು ಸುಲಭ. ನಾವಿಬ್ಬರು ತಡವರಿಸುತ್ತಾ ಕಲಿತೆವು. ನಮ್ಮ ಬೆರಳುಗಳು ತಪ್ಪಿದಾಗ ಅವಳು ನಗುತ್ತಾಳೆ. ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ, ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿದರೂ ಜರ್ಮನ್‌ನಲ್ಲೇ ಉತ್ತರಿಸುತ್ತಾರೆ ಎಂದು ಯಾರಾದರೂ ಗೊಣಗುವುದುಂಟು. ಆಗ ಹೆಂಡತಿ ತಟ್ಟೆ ಹಿಡಿದುಕೊಂಡು ಮೆಲ್ಲಗೆ ಅಡುಗೆಮನೆ ಕಡೆ ಎದ್ದುಹೋಗುತ್ತಾಳೆ.