ದಣಪೆಯಲ್ಲಿ ನಿಂತು ಕರೆದವರು

ಒಳ್ಳೆಯ ಪಾಯಿಂಟೊಂದು ಹೊಳೆದರೆ ಪಾಸ್ಕಲ್ ಡೇಸಾ ವಕೀಲರು ಓಡುತ್ತಿದ್ದರು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೇ ಓಡುತ್ತಿದ್ದರು. ಅರುವತ್ತರ ಹತ್ತಿರದ ವಯಸ್ಸು, ಹಲಸಿನ ಹಣ್ಣಿನಂಥ ಹೊಟ್ಟೆ, ಹಿಂದೆ ಹಾರಾಡುವ ಕರಿ ಗೌನು. ಉಡುಪಿಯ ಬೀದಿಯಲ್ಲಿ ಅವರು ಹಾಗೆ ಕೋರ್ಟಿನ ಕಡೆಗೆ ಧಾವಿಸಿದರೆ ಹೋಟೆಲಿನ ಮಾಣಿಗಳು ಹೊರಗೆ ಬಂದು, "ಇವತ್ತು ಯಾರಿಗೋ ಬಿಡುಗಡೆ ಉಂಟು" ಎನ್ನುತ್ತಿದ್ದರು. ಅವರ ಹಿಂದೆ ಫೈಲುಗಳನ್ನು ಎದೆಗೆ ಅಪ್ಪಿಕೊಂಡು ಹೆಜ್ಜೆ ಎಣಿಸಿದಂತೆ ಬರುತ್ತಿದ್ದ ಸಣಕಲು ಜೂನಿಯರ್ ನಾನು. ನಾನು ಓಡುತ್ತಿರಲಿಲ್ಲ. ಓಡಿದರೆ ಬೀಳಬಹುದು, ಬಿದ್ದರೆ ಕಾಗದ ಹಾರಬಹುದು, ಹಾರಿದ ಕಾಗದವೇ ಮುಖ್ಯವಾದದ್ದಾಗಿರಬಹುದು. ಐವತ್ತು ದಾಟುತ್ತಿರುವ ಈಗಲೂ ನನ್ನ ತಲೆ ಇದೇ ದಾರಿಯಲ್ಲಿ ನಡೆಯುತ್ತದೆ.

"ಏ ವಾಸು, ನೀನು ಹುಟ್ಟುವ ಮೊದಲೇ ಜಾಮೀನು ಕೇಳಿದ್ದಿಯಾ ಎಂತ?" ಎಂದು ಅವರು ಛೇಡಿಸುತ್ತಿದ್ದರು.

ಅವರ ಮನೆ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಉಡುಪಿಗೆ ಬರುತ್ತಿದ್ದರು. ಸಂಜೆ ಹಿಂದಿರುಗುವಾಗ ಕಾನೂನು ಪುಸ್ತಕದ ಚೀಲದಲ್ಲಿ ಮಟ್ಟು ಗುಳ್ಳ ಇರುತ್ತಿತ್ತು. ದಂಡಸಂಹಿತೆಯ ಪುಟಗಳಿಗೆ ಬದನೆಯ ವಾಸನೆ. ಆದರೆ ಕಕ್ಷಿಗಾರರಿಗೆ ಕಾನೂನು ವಿವರಿಸುವಾಗ ಅವರು ಪುಸ್ತಕ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಆತ್ಮಹತ್ಯೆಗೆ ಪ್ರಚೋದನೆ ಎಂಬ ಕಲಮನ್ನು ಅವರು ನನಗೆ ಕಲಿಸಿದ್ದು ಮೂರು ಬೆರಳು ಮಡಚಿ: "ತಳ್ಳಿದ್ದು, ಕೂಡಿದ್ದು, ಕೈನೀಡಿದ್ದು. ಸಾಯಿ ಅಂತ ಹುರಿದುಂಬಿಸಿ ತಳ್ಳಬೇಕು, ಇಲ್ಲವೇ ಸಂಚಿನಲ್ಲಿ ಕೂಡಬೇಕು, ಇಲ್ಲವೇ ಬೇಕೆಂದೇ ಸಹಾಯಕ್ಕೆ ಕೈನೀಡಬೇಕು. ಮೂರರಲ್ಲಿ ಒಂದಾದರೂ ಬೇಕು. ಮತ್ತೆ ಅದರ ಹಿಂದೆ ಮನಸ್ಸು ಬೇಕು. ಬರೀ ಬಾಯಿ ಸಾಲದು."

ಅಂದಿನಿಂದ ನನಗೆ ಹೊಸ ಕಾಯಿಲೆ ಹತ್ತಿತು. ಭಾವಮೈದುನನಿಗೆ "ಸಾಯಿ ಅತ್ಲಾಗಿ" ಎಂದು ಬೈದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಡೇಸಾರಲ್ಲಿ ಹೇಳಿಕೊಂಡೆ.

"ಅವ ಸಾಯಬೇಕೂಂತ ನಿನಗೆ ಮನಸ್ಸು ಉಂಟಾ?"

"ಅಯ್ಯೋ, ಇಲ್ಲ ಸಾರ್!"

"ಹಾಗಾದ್ರೆ ಧೈರ್ಯದಲ್ಲಿ ಬೈ ಮಾರಾಯ. ಈ ಕರಾವಳಿಯಲ್ಲಿ ಬಾಯಿಮಾತಿಗೆ ಜನ ಸಾಯುವುದಾದರೆ ಕೋರ್ಟಿಗೆ ಬರಲಿಕ್ಕೆ ಸಾಕ್ಷಿಗಳೇ ಉಳೀಲಿಕ್ಕಿಲ್ಲ."

ಐವತ್ತರ ದಶಕದ ಕೊನೆಯಲ್ಲಿ ಬಂದ ಸೋಮ ತಂಡೇಲರ ಕೇಸು ಮಾತ್ರ ನಗುವಂಥದ್ದಾಗಿರಲಿಲ್ಲ. ಕಾಪುವಿನ ಕಡಲ ತೀರದಲ್ಲಿ ಊರಿಗೆ ಊರೇ ಸೇರಿ ಎಳೆಯುವ ರಂಪಣಿ ಬಲೆಗೆ ಅವರು ಯಜಮಾನರು. ಒಂದು ಬೆಳಿಗ್ಗೆ ಲಿಂಗಪ್ಪ ಎಂಬಾತ ಹಗ್ಗ ಸಡಿಲಿಸಿದ್ದರಿಂದ ಬಲೆ ಓರೆಯಾಗಿ ಮೀನೆಲ್ಲ ಜಾರಿಹೋಯಿತು. ತಂಡೇಲರು ಎಲ್ಲರೆದುರು ಗುಡುಗಿದರು: "ಹಗ್ಗ ಬಿಡು! ಹೋಗಿ ಕಡಲಿಗೆ ಬಿದ್ದು ಸಾಯಿ!" ನಾಲ್ಕನೆಯ ದಿನ ಲಿಂಗಪ್ಪನ ಶವ ದಡಕ್ಕೆ ಬಂತು. ಬದುಕು ಸಾಕಾಗಿದೆ ಎಂದು ಆತ ನೆರೆಯವರಲ್ಲಿ ಹೇಳಿದ್ದನಂತೆ. ಪೊಲೀಸರು ತಂಡೇಲರ ಮೇಲೆ ಪ್ರಚೋದನೆಯ ಆರೋಪ ಹೊರಿಸಿದರು.

ಆಗಿನ ಕ್ರಮದಲ್ಲಿ ಇಂಥ ಕೇಸು ಮೊದಲು ಉಡುಪಿಯ ಮ್ಯಾಜಿಸ್ಟ್ರೇಟರ ಮುಂದೆ ಬರಬೇಕು. ವಿಚಾರಣೆಗೆ ತಕ್ಕ ಹುರುಳಿಲ್ಲ ಎಂದು ಕಂಡರೆ ಅವರು ಅಲ್ಲಿಯೇ ಬಿಟ್ಟುಬಿಡಬಹುದು. ಆ ಬಾಗಿಲು ತಪ್ಪಿತೋ, ಮುಂದೆ ಮಂಗಳೂರಿನ ಸೆಷನ್ಸ್ ಕೋರ್ಟು, ಹತ್ತು ವರ್ಷದವರೆಗಿನ ಜೈಲು.

ಡೇಸಾ ನನ್ನನ್ನು ಕಾಪುವಿಗೆ ಎಳೆದುಕೊಂಡು ಹೋದರು. ಕೇಸಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಬಲೆ ಹೊಲಿಯುತ್ತಿದ್ದ ಅಜ್ಜನ ಪಕ್ಕ ಮರಳಿನಲ್ಲಿ ಕುಳಿತು, ಬೆಳಗಾತ ಇಷ್ಟು ಜನರನ್ನು ಹೇಗೆ ಸೇರಿಸುತ್ತೀರಿ ಎಂದು ವಿಚಾರಿಸಿದರು.

"ಮನೆ ಮನೆಯ ದಣಪೆಯಲ್ಲಿ ನಿಂತು ಹೆಸರು ಕರೆಯುವುದು," ಎಂದರು ಅಜ್ಜ, ಎದುರಿನ ಬೇಲಿಯ ಬಾಗಿಲನ್ನು ತೋರಿಸಿ. "ಕರೆದರೆ ಹಗ್ಗದಲ್ಲಿ ಜಾಗ ಉಂಟು. ಕರೆಯದೆ ಬಂದವನಿಗೆ ಇಲ್ಲ."

"ತಂಡೇಲರೇ ಕರೆಯುವುದಾ?"

"ಛೆ ಛೆ! ಅವರೆಂತಕ್ಕೆ ಹೋಗ್ತಾರೆ? ಆಳು ಹೋಗ್ತಾನೆ. ತಂಡೇಲ ತಾನೇ ದಣಪೆಗೆ ಹೋದರೆ ಕಾಲು ಹಿಡಿದ ಹಾಗೆ, ಅಲ್ವಾ?"

ವಿಚಾರಣೆಯ ದಿನ ಬೆಳಿಗ್ಗೆ ಹೋಟೆಲಿನಲ್ಲಿ ನಾನು ಸಾಕ್ಷಿಗಳ ಹೇಳಿಕೆಯನ್ನು ಹನ್ನೊಂದನೆಯ ಸಲ ಗಟ್ಟಿಯಾಗಿ ಓದುತ್ತಿದ್ದೆ. ಹತ್ತು ಸಲ ಓದಿದರೂ ಏನಾದರೂ ಬಿಟ್ಟುಹೋಗಿರಬಹುದೆಂಬ ಭಯ. "ಬೈದ ಮೂರನೇ ದಿನ ಹಗ್ಗ ಎಳೆಯುವಾಗ ಲಿಂಗಪ್ಪ ಯಾರಲ್ಲಿಯೂ ಮಾತಾಡಲಿಲ್ಲ" ಎಂಬ ಸಾಲಿಗೆ ಬಂದೆ. ಡೇಸಾ ದೋಸೆ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು.

"ಎಂತ ಹೇಳಿದಿ? ಹಗ್ಗ ಎಳೆಯುವಾಗ? ಹಗ್ಗ ಬಿಡಿಸಿದ ಮೇಲೆ ಅವ ಪುನಃ ಹಗ್ಗಕ್ಕೆ ಹೇಗೆ ಬಂದ ಮಾರಾಯ? ಅವನನ್ನು ಕರೆದದ್ದು ಯಾರು?"

ಅಷ್ಟೇ. ದೋಸೆ ಎಲೆಯಲ್ಲಿ, ವಕೀಲರು ಬೀದಿಯಲ್ಲಿ.

ನಾನು ತಲುಪುವಾಗ ಅವರು ಕೋರ್ಟಿನ ಜಗಲಿಯಲ್ಲಿ ಏದುಸಿರು ಬಿಡುತ್ತ ತಂಡೇಲರ ಮುಂದೆ ನಿಂತಿದ್ದರು.

"ಅವನನ್ನು ಪುನಃ ಕರೆದದ್ದು ಯಾರು?"

ತಂಡೇಲರು ನೆಲ ನೋಡಿದರು. "ಗೊತ್ತಿಲ್ಲ."

"ಜೈಲಿಗೆ ಹೋದರೂ ಅಡ್ಡಿಯಿಲ್ಲ, ಹೇಳುವುದಿಲ್ಲ, ಹಾಗಾ?"

"ಗೊತ್ತಿಲ್ಲ ಅಂದೆನಲ್ಲ, ಒಡೆಯಾ."

ಕಟಕಟೆಗೆ ಬಂದದ್ದು ಲಿಂಗಪ್ಪನ ಹೆಂಡತಿ ಅಕ್ಕಮ್ಮ, ಸರಕಾರದ ಕಡೆಯ ಸಾಕ್ಷಿ. ಬೈಗುಳವನ್ನು ಒಂದಕ್ಷರ ಬಿಡದೆ ಹೇಳಿದಳು. ಡೇಸಾ ಎದ್ದರು. ನಾನು ಗೌನು ಜಗ್ಗಿದೆ. "ಸಾರ್, ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಅಂತ ನೀವೇ..."

"ಹೋಗಿ ಸಾಯಿ ಮಾರಾಯ, ಗೌನು ಬಿಡು," ಎಂದು ಪಿಸುಗುಟ್ಟಿದರು. ಆ ಗಾಬರಿಯಲ್ಲೂ ನಾನು ಪರೀಕ್ಷಿಸಿ ನೋಡಿದೆ: ಅವರ ಮಾತಿನ ಹಿಂದೆ ಮನಸ್ಸು ಇರಲಿಲ್ಲ.

ಅವರು ತುಳುವಿನಲ್ಲಿಯೇ ಕೇಳಿದರು, ಮನೆಯ ಹಿರಿಯರು ಕೇಳಿದಷ್ಟು ಮೆಲ್ಲಗೆ. ಬೈದ ಮೂರನೆಯ ದಿನ ಬೆಳಗಾತ ನಿಮ್ಮ ದಣಪೆಯಲ್ಲಿ ನಿಂತು ಗಂಡನ ಹೆಸರು ಕರೆದವರು ಯಾರು? "ಏರ್ ಲೆತ್ತಿನಿ, ಅಕ್ಕಾ?"

ಅಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಯಾರೂ ಇಲ್ಲ ಎಂದರೆ ಮುಗಿಯಿತು. ಆಳು ಎಂದರೆ ಅರ್ಧ ಮುಗಿಯಿತು.

"ಆರೇ," ಎಂದಳು.

"ಅವರೇ ಅಂದರೆ ಯಾರು?" ಎಂದರು ಮ್ಯಾಜಿಸ್ಟ್ರೇಟರು.

ಅವಳ ಕೈ ತಂಡೇಲರತ್ತ ಚಾಚಿತು. ಅವರು ಹೆಗಲ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡರು. ಕಳ್ಳತನ ಸಿಕ್ಕಿಬಿದ್ದರೂ ಅಷ್ಟು ನಾಚುತ್ತಿರಲಿಲ್ಲವೇನೋ. ಊರೆದುರು ಹಗ್ಗ ಬಿಡಿಸಿದವನ ದಣಪೆಗೆ ತಾವೇ ಹೋಗಿ ನಿಂತದ್ದನ್ನು ಅವರು ತಮ್ಮ ವಕೀಲರಿಂದಲೂ ಬಚ್ಚಿಟ್ಟಿದ್ದರು.

ಡೇಸಾ ಆಮೇಲೆ ವಾದಿಸಿದ್ದು ಹತ್ತೇ ನಿಮಿಷ. ಆದರೆ ಅದು ನನಗೆ ಇವತ್ತಿಗೂ ಬಾಯಿಪಾಠ. "ಸ್ವಾಮೀ, ಸಿಟ್ಟಿನಲ್ಲಿ ಬಿದ್ದ ಒಂದು ಮಾತು ತಳ್ಳಿದ ಹಾಗೆ ಆಗುವುದಿಲ್ಲ. ಸಂಚು ಇಲ್ಲ, ಸಹಾಯ ಇಲ್ಲ. ಬೈದದ್ದಕ್ಕೂ ಸಾವಿಗೂ ನಡುವೆ ಮೂರು ದಿನ ಉಂಟು. ಆ ಮೂರು ದಿನದ ಒಳಗೆ ಒಂದು ಕರೆ ಉಂಟು. ಸಾಯಲಿ ಎಂದು ಬಯಸಿದ ಮನುಷ್ಯ ಹಗ್ಗಕ್ಕೆ ಬಾ ಎಂದು ದಣಪೆಗೆ ಹೋಗಿ ಕರೆಯುತ್ತಾನೆಯೇ?"

ಸಂಜೆಯೊಳಗೆ ಆದೇಶವಾಯಿತು. ಮಂಗಳೂರಿಗೆ ಹೋಗಬೇಕಿಲ್ಲ, ಬಿಡುಗಡೆ. ನಾನು ಮೊದಲ ಸಲ ಕೋರ್ಟಿನಲ್ಲಿ ಕುಣಿಯಬೇಕೆಂದುಕೊಂಡೆ. ಬೆಂಚು ಗಟ್ಟಿಯಿದೆಯೇ ಎಂದು ನೋಡುವಷ್ಟರಲ್ಲಿ ಆಸೆ ಇಳಿಯಿತು.

ಜಗಲಿಯಲ್ಲಿ ಅಕ್ಕಮ್ಮ ಡೇಸಾರ ಎದುರು ನಿಂತಳು. "ಕರೆದದ್ದು ನಿಜ ಒಡೆಯಾ, ಹೇಳಿದೆ. ಅದಕ್ಕೆ ಮೊದಲು ಹಗ್ಗ ಬಿಡಿಸಿದ್ದೂ ನಿಜ. ಅದನ್ನು ಎಲ್ಲಿ ಹೇಳಲಿ?"

ಡೇಸಾ ತಂಡೇಲರನ್ನು ನೋಡಿದರು. ತಂಡೇಲರು ಬೈರಾಸನ್ನು ಹೆಗಲಿನಿಂದ ತೆಗೆದು ಅವಳ ಮುಂದೆ ತಲೆ ತಗ್ಗಿಸಿ ನಿಂತರು. ಅವಳು ಮೆಟ್ಟಿಲಿಳಿದು ಹೋದಳು. "ಕಾನೂನು ತಳ್ಳಿದವ ಯಾರು ಅಂತ ಮಾತ್ರ ಕೇಳ್ತದೆ, ವಾಸು," ಎಂದರು ಡೇಸಾ. "ಅವ ಯಾಕೆ ಹೋದ ಅಂತ ನಮಗೂ ಗೊತ್ತಿಲ್ಲ. ಗೆದ್ದೆವು ಅಂತ ಊರೆಲ್ಲ ಹೇಳಬೇಡ." ಅವತ್ತು ಬಸ್ಸಿನವರೆಗೆ ಅವರು ನಡೆದೇ ಹೋದರು.

ಅರುವತ್ತರ ದಶಕದ ಕೊನೆಗೆ ಡೇಸಾ ಕುಕ್ಕುಂದೂರಿನ ಮನೆಯಲ್ಲಿ ತೀರಿಕೊಂಡರು. ಮರುದಿನ ಬೆಳಿಗ್ಗೆ ಶವಪೆಟ್ಟಿಗೆಯ ಪಕ್ಕ ಕುಳಿತು ನಾನು, ಇಗರ್ಜಿಗೆ ಹೊರಡಲು ತಡವಾಗಬಹುದೇ, ಪೆಟ್ಟಿಗೆ ಹೊರುವವರ ಕಾಲು ಜಾರಬಹುದೇ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಹೊರಗಿನಿಂದ ಒಂದು ದನಿ ಕೇಳಿಸಿತು. ಕಡಲ ಗಾಳಿಯನ್ನು ಸೀಳಿ ಅಭ್ಯಾಸವಾದ, ಉದ್ದನೆಯ ದನಿ.

"ಡೇಸಾ ಒಡೆಯರೇ...!"

ಕಿಟಕಿಯಲ್ಲಿ ಇಣುಕಿದೆ. ಮುದುಕರಾಗಿದ್ದ ಸೋಮ ತಂಡೇಲರು ಒಳಗೆ ಬರದೆ ದಣಪೆಯಲ್ಲಿ ನಿಂತಿದ್ದರು. ಆಳನ್ನು ಕಳುಹಿಸಿರಲಿಲ್ಲ, ತಾವೇ ಬಂದಿದ್ದರು. ಇನ್ನೊಮ್ಮೆ ಕರೆದರು, ಹಗ್ಗದಲ್ಲಿ ಜಾಗ ಉಂಟು ಎನ್ನುವ ಹಾಗೆ. ಕರೆದವರಿಗೆ ಯಾರಾದರೂ ಓಗೊಡಬೇಕಲ್ಲ.

ಅಂಗಳ ಒದ್ದೆಯಾಗಿತ್ತು, ಮೆಟ್ಟಿಲು ಪಾಚಿಗಟ್ಟಿತ್ತು. ನಾನು ಓಡಿದೆ.