ಬೆರಳು ಮಡಚಿ ಅಳೆದ ಮೊಳ

ಕಳೆದ ಶುಕ್ರವಾರ ಮಗಳು ಫೋನಿನಲ್ಲಿ ಮಲ್ಲಿಗೆ ತರಿಸಿದಳು. ಹತ್ತು ನಿಮಿಷಕ್ಕೆ ಬಾಗಿಲಿಗೆ ಬಂತು, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಫ್ರಿಜ್ಜಿನಿಂದ ಆಗ ತಾನೇ ತೆಗೆದ ಹಾಗೆ ತಣ್ಣಗೆ. ಮುಚ್ಚಳ ತೆಗೆದಾಗ ಏನೂ ವಾಸನೆ ಇರಲಿಲ್ಲ. ಸ್ವಲ್ಪ ಹೊತ್ತು ಹೊರಗಿಟ್ಟ ಮೇಲೆ ಒದ್ದೆ ಬಾಳೆನಾರಿನ ಜೊತೆ ಹೂವಿನ ಘಮ ಮೆಲ್ಲಗೆ ಎದ್ದಿತು... ಡಬ್ಬಿಯ ಮೇಲೆ ‘ಒಂದು ಮೊಳ, ಅಂದಾಜು’ ಎಂದು ಚೀಟಿ ಅಂಟಿಸಿದ್ದರು. ಪಕ್ಕದಲ್ಲಿದ್ದ ಬೆಲೆಯನ್ನು ಎರಡು ಸಲ ಓದಿದೆ. ಮಗಳು ಒಂದು ಸಲವೂ ಓದಿರಲಿಲ್ಲ.

“ಯಾರ ಮೊಳ ಕಣೇ ಇದು?” ಎಂದೆ.

“ಅಮ್ಮಾ, ಮೊಳ ಅಂದ್ರೆ ಮೊಳ. ಅದ್ರಲ್ಲಿ ಯಾರ್ದು ಅಂತ ಬೇರೆ ಇರುತ್ತಾ?” ಎಂದು ನಗುತ್ತಾ ಆಫೀಸಿಗೆ ಹೊರಟಳು.

ಇರುತ್ತೆ. ನನಗೆ ಒಬ್ಬಳ ಮೊಳ ಚೆನ್ನಾಗಿ ಗೊತ್ತಿತ್ತು.

ನನ್ನ ಮದುವೆಗೆ ಮುಂಚೆ ನಾನು, ಅಪ್ಪ, ಅಮ್ಮ ಸಂಜಯನಗರದಲ್ಲಿ ಬಾಡಿಗೆಗಿದ್ದೆವು. ನಮ್ಮ ಬೀದಿಗೆ ದಿನಾ ಬೆಳಿಗ್ಗೆ ಬಾಗಲೂರಿನ ಕಡೆಯಿಂದ ಒಬ್ಬ ಹೂವಿನಮ್ಮ ಬರುತ್ತಿದ್ದಳು. ಮೊದಲ ಬಸ್ಸಿಗೇ ಹತ್ತಿ ಯಲಹಂಕ, ಹೆಬ್ಬಾಳ ದಾಟಿ ಬರಬೇಕು. ಬುಟ್ಟಿಯ ಮೇಲೆ ಒದ್ದೆ ಬಟ್ಟೆ, ಒಳಗೆ ಮಲ್ಲಿಗೆ, ಕಾಕಡ, ಕನಕಾಂಬರ, ನಡುನಡುವೆ ಮರುಗ. “ಊವೋ...” ಎಂದು ಅವಳು ಬೀದಿಯ ತುದಿಯಲ್ಲಿ ಕೂಗಿದರೆ ಕೊನೆಯ ಮನೆಯವರು ತಟ್ಟೆ ಹಿಡಿದು ಹೊರಗೆ ಬರುತ್ತಿದ್ದರು. ನಮ್ಮ ಮನೆಗೆ ಅವಳದು ವರ್ತನೆ ಹೂವು. ದಿನಾ ಒಂದು ಮೊಳ ಕೊಡುವುದು, ತಿಂಗಳಾದ ಮೇಲೆ ದುಡ್ಡು. ಅವಳು ಎತ್ತರದ ಹೆಂಗಸು, ಕೈ ಇನ್ನೂ ಉದ್ದ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ದಂಡೆ ಹಿಡಿದು, ಮೇಲೆ ಎರಡು ಬೆರಳಷ್ಟು ಕೊಸರು ಬಿಟ್ಟು ಹಲ್ಲಿನಿಂದ ನಾರು ಕತ್ತರಿಸುವಳು. ಬೇರೆ ಹೂವಿನವರ ಮೊಳ ಅಮ್ಮನ ತುರುಬಿನ ಅರ್ಧಕ್ಕೇ ಮುಗಿಯುತ್ತಿತ್ತು. ಇವಳದು ಒಂದು ಸುತ್ತು ಬರುತ್ತಿತ್ತು. ಅಮ್ಮನಿಗೆ ಒಡವೆಯ ಆಸೆ ಇರಲಿಲ್ಲ, ಸೀರೆಯದೂ ಇರಲಿಲ್ಲ. ಸ್ನಾನ ಮಾಡಿ ಹೂ ಮುಡಿದರೆ ಮಾತ್ರ ಅವಳ ದಿನ ಶುರುವಾಗುತ್ತಿತ್ತು.

ನಾನು ಯಶವಂತಪುರದ ಒಂದು ಗಾರ್ಮೆಂಟ್ಸಿನಲ್ಲಿ ಕ್ವಾಲಿಟಿ ಚೆಕಿಂಗಿಗೆ ಸೇರಿ ವರ್ಷವಾಗಿತ್ತು. ಕುತ್ತಿಗೆಯಲ್ಲಿ ಸದಾ ಇಂಚು ಟೇಪು. ಕಾಲರು ಕಾಲಿಂಚು ಹೆಚ್ಚುಕಮ್ಮಿಯಾದರೂ ಶರ್ಟನ್ನು ಪಕ್ಕಕ್ಕೆ ಎಸೆಯುವ ಅಧಿಕಾರ ನನ್ನದು. ಇಪ್ಪತ್ತೆರಡು ವರ್ಷಕ್ಕೆ ಅಷ್ಟು ಅಧಿಕಾರ ಸಿಕ್ಕಿದರೆ ತಲೆ ಭುಜದ ಮೇಲೆ ನಿಲ್ಲುವುದು ಕಷ್ಟ. ಮನೆಗೆ ಬಂದರೂ ನಾನು ಚೆಕಿಂಗ್ ಮಾಡುತ್ತಲೇ ಇದ್ದೆ. ಅಂಗಡಿಯವನ ತಕ್ಕಡಿ, ಹಾಲಿನವನ ಲೀಟರು, ಯಾವುದನ್ನೂ ಬಿಡುತ್ತಿರಲಿಲ್ಲ. ಅಮ್ಮನ ಕಾಲದವರು ಇಂಥದ್ದನ್ನೆಲ್ಲ ಕಂಡೂ ಕಾಣದ ಹಾಗೆ ಇದ್ದುಬಿಡುತ್ತಾರೆ, ಅದಕ್ಕೇ ಎಲ್ಲರೂ ಅವರಿಗೆ ಮೋಸ ಮಾಡುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ.

ಆ ವರ್ಷ ಅಪ್ಪನ ಕಾರ್ಖಾನೆಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಇವತ್ತು ತೆಗೆಯುತ್ತಾರೆ, ನಾಳೆ ತೆಗೆಯುತ್ತಾರೆ ಎಂದು ಅಪ್ಪ ದಿನಾ ಗೇಟಿನವರೆಗೆ ಹೋಗಿ ಬರುತ್ತಿದ್ದರು. ನನ್ನ ಸಂಬಳ ಬಾಡಿಗೆಗೆ ಸರಿಹೋಗುತ್ತಿತ್ತು. ಉಳಿದದ್ದನ್ನು ಅಮ್ಮ ಹೇಗೋ ನಿಭಾಯಿಸುತ್ತಿದ್ದಳು. ಹೇಗೆ ಎಂದು ನಾನು ಒಂದು ದಿನವೂ ಕೇಳಲಿಲ್ಲ...

ಒಂದು ಭಾನುವಾರ ಬಾಗಿಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಹೂವಿನಮ್ಮ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ಅಳೆಯತೊಡಗಿದಳು. ದಂಡೆಯನ್ನು ಅವಳು ಬೆರಳ ತುದಿಯಿಂದ ಹಿಡಿದಿರಲಿಲ್ಲ. ನಾಲ್ಕೂ ಬೆರಳು ಮಡಚಿ, ಮುಷ್ಟಿಯಿಂದ ಮೊಣಕೈಗೆ ಅಳೆದು ನಾರು ಕತ್ತರಿಸಿದಳು. ಕೊಸರೂ ಇಲ್ಲ. ನನಗೆ ಕಳ್ಳ ಸಿಕ್ಕಿದಷ್ಟು ಸಂತೋಷವಾಯಿತು. ಒಳಗೆ ಹೋಗಿ ಟೇಪು ತಂದು ಅವಳ ಮುಂದೆಯೇ ಹೂವಿನ ಮೇಲೆ ಇಟ್ಟೆ.

“ಹದಿನಾಲ್ಕು ಇಂಚಿದೆ. ಮೊಳ ಅಂದ್ರೆ ಹದಿನೆಂಟು ಬರ್ಬೇಕು.”

ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. “ಬಿಡೇ, ಹೋಗ್ಲಿ. ಒಳಗ್ ಬಾ ನೀನು.”

ನಾನು ಬಿಡಲಿಲ್ಲ. ಎದುರುಮನೆಯವರು ತಟ್ಟೆ ಹಿಡಿದು ನಿಂತಿದ್ದರು, ನನಗೆ ಇನ್ನಷ್ಟು ಉಮೇದು ಬಂತು. ಅವಳನ್ನು ಯಾವತ್ತೂ ನೀವು ಎನ್ನುತ್ತಿದ್ದವಳು ಅವತ್ತು ಏಕವಚನಕ್ಕೆ ಇಳಿದೆ. “ರೇಟ್ ಜಾಸ್ತಿ ಮಾಡೋದಾದ್ರೆ ಬಾಯ್ಬಿಟ್ಟು ಹೇಳಿ ಮಾಡು. ಹಿಂಗೆ ಕದಿಯೋದು ಯಾಕೆ?”

ಅವಳು ನನ್ನ ಮುಖ ನೋಡಲಿಲ್ಲ. ಅಮ್ಮನನ್ನೇ ನೋಡಿದಳು. ಅಮ್ಮ ಏನಾದರೂ ಹೇಳುತ್ತಾಳೇನೋ ಎಂದು ಕಾದಳೆಂದು ಈಗ ಅನಿಸುತ್ತದೆ. ಅಮ್ಮ ತಲೆ ತಗ್ಗಿಸಿದಳು. ಹೂವಿನಮ್ಮ ಬೆರಳು ಬಿಚ್ಚಿ, ಕೈ ಪೂರ್ತಿ ಚಾಚಿ, ಇನ್ನೊಂದು ದಂಡೆಯಿಂದ ತುಂಬು ಮೊಳ ಅಳೆದು, ಕೊಸರು ಬಿಟ್ಟು, ತಟ್ಟೆಯಲ್ಲಿಟ್ಟಳು.

“ನಾಳೀಕಿಂದ ಮೊಳ ಎಂಟ್ ರೂಪಾಯಿ ಕಣವ್ವ,” ಎಂದಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು.

ನಾನು ಗೆದ್ದೆ ಎಂದುಕೊಂಡು ಒಳಗೆ ಬಂದೆ. ಅಮ್ಮ ಒಲೆಯ ಮುಂದೆ ನಿಂತಿದ್ದಳು, ಒಲೆ ಹಚ್ಚಿರಲಿಲ್ಲ.

“ಅವಳು ಬೆರಳು ಮಡಚೋದು ನನಗೆ ಕಾಣ್ತಿರ್ಲಿಲ್ಲ ಅಂದ್ಕೊಂಡ್ಯೇನೇ?” ಎಂದಳು.

ಆಮೇಲೆ ತಡೆದು ತಡೆದು ಹೇಳಿದಳು. ಹೂವು ಐದರಿಂದ ಎಂಟಕ್ಕೆ ಏರಿ ಒಂದೂವರೆ ತಿಂಗಳಾಗಿತ್ತು. ಇಡೀ ಬೀದಿ ಎಂಟೇ ಕೊಡುತ್ತಿತ್ತು. ಬೆಲೆ ಏರಿದ ದಿನ ಅಮ್ಮ ಹೂವಿನಮ್ಮನಿಗೆ, ‘ನನಗ್ಯಾಕೋ ತಲೆನೋವು, ಹೂವಿನ ವಾಸನೆ ಆಗಲ್ಲ, ವರ್ತನೆ ನಿಲ್ಲಿಸಿಬಿಡು’ ಎಂದಿದ್ದಳು. ಅಪ್ಪ ಮನೆಯಲ್ಲಿ ಕೂತಿರುವುದು ಬೀದಿಗೆಲ್ಲ ಗೊತ್ತಿತ್ತು. ಹೂವಿನಮ್ಮ ತಲೆನೋವಿಗೆ ಶುಂಠಿ ಅರೆದು ಹಚ್ಚಲು ಹೇಳಿ ಹೋದಳು. ಮಾರನೆಯ ದಿನ ಎಂದಿನಂತೆ ಬಂದು, ಬೆರಳು ಮಡಚಿ ಅಳೆದು, ‘ನಿಮ್ಗೆ ಐದೇ ಕಣಕ್ಕ’ ಎಂದು ತಟ್ಟೆಗೆ ಹಾಕಿದಳು. ಅಮ್ಮ ತೆಗೆದುಕೊಂಡಳು. ಅದರ ಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಸುಮ್ಮನೆ ಕೊಟ್ಟಿದ್ದರೆ ಅಮ್ಮ ಮುಟ್ಟುತ್ತಿರಲಿಲ್ಲ, ಅದೂ ಅವಳಿಗೆ ಗೊತ್ತಿತ್ತು.

ಹದಿನಾಲ್ಕು ಇಂಚಿಗೆ ಎಂಟರ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ನನ್ನ ತಲೆ ತಾನಾಗಿಯೇ ಹಾಕಿಬಿಟ್ಟಿತು. ಆರು ರೂಪಾಯಿಯ ಮೇಲೆ. ನಾನು ಕಳ್ಳಿ ಎಂದವಳು ದಿನಾ ನಮ್ಮ ಮನೆಗೆ ಕೈಯಿಂದ ಹಾಕಿ ಕೊಡುತ್ತಿದ್ದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಶಾಲೆಯಲ್ಲಿ ಎಷ್ಟು ಸಲ ಕಾಪಿ ಬರೆದಿದ್ದೆನೋ.

ಮಾರನೆಯ ದಿನ ಅಮ್ಮ ಅವಳಿಗೆ, ಇನ್ನು ಮೇಲೆ ಶುಕ್ರವಾರ ಮಾತ್ರ ಸಾಕು ಎಂದಳು. ಎದುರುಮನೆಯವರ ಮುಂದೆ ಆಡಿದ ಮಾತು, ಹಳೆಯದಕ್ಕೆ ಹಿಂದಿರುಗಲು ಇಬ್ಬರಿಗೂ ದಾರಿ ಇರಲಿಲ್ಲ. ನನ್ನ ಓವರ್‌ಟೈಮಿನ ದುಡ್ಡಿನಲ್ಲಿ ಸಂಜೆ ಹೂ ತಂದೆ. “ದೇವ್ರಿಗಿಡು,” ಎಂದಳು ಅಮ್ಮ. ಎರಡನೆಯ ಸಲ ತಂದಾಗಲೂ ಅದೇ ಮಾತು. ಮೂರನೆಯ ಸಲ ತರುವ ಧೈರ್ಯ ನನಗೇ ಬರಲಿಲ್ಲ.

ಒಂದು ದಿನ ಹೂವಿನಮ್ಮ ಬಸ್ ಸ್ಟಾಪಿನಲ್ಲಿ ಸಿಕ್ಕಿದಳು. ಖಾಲಿ ಬುಟ್ಟಿಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಎಲೆ ಅಡಿಕೆ ಹಾಕುತ್ತಿದ್ದಳು. ತಪ್ಪಾಯ್ತು ಎಂದೆ.

“ನೀನ್ ಅಳದದ್ದು ಸರಿಯಾಗೇ ಇತ್ತು ಬುಡವ್ವ,” ಎಂದಳು. ಬುಟ್ಟಿ ಕೈಗೆತ್ತಿಕೊಂಡು, “ನಿಮ್ಮವ್ವನ ತಲೆ ಬೋಳಾಗ್ ಕಾಣ್ತದೆ, ಅದೊಂದೇ ನಂಗೆ ಬ್ಯಾಸ್ರ,” ಎಂದು ಎದ್ದು ತನ್ನ ಬಸ್ಸು ಹತ್ತಿದಳು.

ಅಪ್ಪನ ಕಾರ್ಖಾನೆ ತೆರೆಯಲೇ ಇಲ್ಲ. ಎರಡು ವರ್ಷಕ್ಕೆ ಅಪ್ಪ ಎದೆನೋವಿನಿಂದ ಹೋದರು. ಅಮ್ಮ ಹೂ ಮುಡಿಯುವುದನ್ನು ಬಿಟ್ಟಳು. ಅದೆಲ್ಲ ಈ ಕಾಲಕ್ಕಲ್ಲ ಎಂದು ನಾನು ಎಷ್ಟು ವಾದ ಮಾಡಿದರೂ ಕೇಳಲಿಲ್ಲ. ಆಮೇಲೆ ಹೂವಿನಮ್ಮ ಬೀದಿಯ ತುದಿಯಿಂದ ಕೂಗುತ್ತಾ ಬಂದವಳು ನಮ್ಮ ಗೇಟಿನ ಹತ್ತಿರ ಬಾಯಿ ಮುಚ್ಚುತ್ತಿದ್ದಳು. ಎರಡು ಮನೆ ದಾಟಿದ ಮೇಲೆ ಮತ್ತೆ “ಊವೋ...” ಕೇಳುತ್ತಿತ್ತು. ಒಳಗೆ ಅಕ್ಕಿ ಆರಿಸುತ್ತಾ ಕೂತ ಅಮ್ಮ ಆ ಮೌನ ಮುಗಿಯುವವರೆಗೂ ಕೈ ನಿಲ್ಲಿಸುತ್ತಿದ್ದಳು. ಒಂದು ವರ್ಷ ಹಬ್ಬದ ಸಮಯದಲ್ಲೂ ಅವಳು ಬರಲಿಲ್ಲ. ಹೋಗಿಬಿಟ್ಟಳಂತೆ ಎಂದು ಆಮೇಲೆ ಬೇರೆ ಹೂವಿನವರು ಹೇಳಿದರು. ಯಾವಾಗ, ಹೇಗೆ, ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅಮ್ಮ ಈಗ ನನ್ನ ಜೊತೆಗಿದ್ದಾಳೆ. ಭಾನುವಾರ ನಾನೇ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತೇನೆ. ಹಿಡಿಯಷ್ಟು ಬಿಳಿ ಕೂದಲು ಉಳಿದಿದೆ. ನಾನು ಟೇಪು ಹಿಡಿದ ಆ ದಿನದಿಂದ ಅಪ್ಪ ಹೋಗುವವರೆಗೆ, ದಿನಾ ಮುಡಿಯಲು ಅಮ್ಮನಿಗೆ ಇನ್ನೂ ಎರಡು ವರ್ಷ ಇತ್ತು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಭಾನುವಾರ ನಾನು ಕಾಫಿ ಕುಡಿದು ಸುಮ್ಮನೆ ಎದ್ದು ಹೋಗಿದ್ದರೆ ಆ ಎರಡು ವರ್ಷವೂ ಅವಳು ದಿನಾ ಹೂ ಮುಡಿದಿರುತ್ತಿದ್ದಳು. ಇದನ್ನು ಒಂದು ಸಲ ಅವಳಿಗೆ ಹೇಳಿ ಬೈಸಿಕೊಳ್ಳಬೇಕೆಂದು ಪ್ರತಿ ಭಾನುವಾರವೂ ಅಂದುಕೊಳ್ಳುತ್ತೇನೆ. ಮೊನ್ನೆ ಬಾಯಿ ತೆರೆದೇಬಿಟ್ಟೆ.

“ಅಮ್ಮಾ, ಆ ಹೂವಿನಮ್ಮ...”

“ಸಿಕ್ಕು ಬಿಡಿಸೇ ಮೊದ್ಲು, ಎಳೀಬೇಡ,” ಎಂದಳು ಅಮ್ಮ. ನಾನು ಸಿಕ್ಕು ಬಿಡಿಸಿದೆ.