ಕಾರ್ಡ್ ಇಲ್ಲದೆ ಬಂದ ವೈಫೈ

ಯಂತ್ರಕ್ಕೂ ಜೀವವಿದೆ, ಮನಸ್ಸಿದೆ ಎನ್ನುವ ಗಿರಾಕಿಗಳನ್ನು ಕಂಡರೆ ನನಗೆ ನಗು ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ರೇಡಿಯೊ ರಿಪೇರಿಗೆ ಕೂತವನು ನಾನು. ಆಮೇಲೆ ಟಿ.ವಿ., ಈಗ ಚಾಮರಾಜಪೇಟೆಯ ಸಣ್ಣ ಅಂಗಡಿಯಲ್ಲಿ ಲ್ಯಾಪ್‌ಟಾಪ್. ತಂತಿ ಕೂಡಿದರೆ ನಡೆಯುತ್ತದೆ, ಕಡಿದರೆ ನಿಲ್ಲುತ್ತದೆ. ಇಂದಿಗೂ ಹಾಗೇ ನಂಬಿದ್ದೇನೆ, ಒಂದೇ ಒಂದು ಸಂಜೆಯನ್ನು ಬಿಟ್ಟು.

ಹನುಮಂತನಗರದ ಲಲಿತಮ್ಮ ನಿವೃತ್ತ ಟೀಚರ್, ನನ್ನ ಹಳೆಯ ಗಿರಾಕಿ. ಅವರ ಲ್ಯಾಪ್‌ಟಾಪ್ ತೀರ ಹಳೆಯದಾದ್ದರಿಂದ ನಾನೇ ವಿಂಡೋಸ್ ತೆಗೆದು, ಹಳೆಯ ಯಂತ್ರಕ್ಕೂ ಹಗುರಾಗಿ ನಡೆಯುವ ಲಿನಕ್ಸ್ ಹಾಕಿಕೊಟ್ಟಿದ್ದೆ. ಅವರ ಅಕ್ಕ ಹುಬ್ಬಳ್ಳಿಯಲ್ಲಿದ್ದಾರೆ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅಕ್ಕತಂಗಿಯರು ಕೈಸನ್ನೆಯಲ್ಲೇ ಮಾತಾಡುತ್ತ ಬೆಳೆದವರು. ಹಾಗಾಗಿ ಲಲಿತಮ್ಮನ ಬಟನ್ ಫೋನಿನಿಂದ ಏನೂ ಉಪಯೋಗವಿಲ್ಲ. ಲ್ಯಾಪ್‌ಟಾಪಿನಲ್ಲಿ ಮುಖ ಕಂಡರಷ್ಟೇ ಮಾತು.

ಫ್ಯಾನ್ ಸದ್ದು ಮಾಡುತ್ತದೆಂದು ಅದನ್ನು ಅಂಗಡಿಗೆ ಕಳಿಸಿದ್ದರು. ಅದೇ ದಿನ ನಗರ್ತಪೇಟೆಯ ಬಟ್ಟೆ ವ್ಯಾಪಾರಿಯೊಬ್ಬನ ಲ್ಯಾಪ್‌ಟಾಪೂ ಮೇಜಿನ ಮೇಲಿತ್ತು. ಅದಕ್ಕೂ ಲಿನಕ್ಸನ್ನೇ ಹಾಕಿದ್ದೆ, ಆದರೆ ಅದರ ವೈಫೈ ಕಾರ್ಡಿಗೆ ಯಾವ ಡ್ರೈವರೂ ಹೊಂದುತ್ತಿರಲಿಲ್ಲ. ಡ್ರೈವರ್ ಎಂದರೆ ಕಾರ್ಡಿಗೂ ಯಂತ್ರಕ್ಕೂ ನಡುವೆ ದುಭಾಷಿ ಇದ್ದಂತೆ. ಅದಿಲ್ಲದಿದ್ದರೆ ಕಾರ್ಡ್ ಇದ್ದೂ ಇಲ್ಲ. “ಏನ್ ಗುರುಗಳೇ, ಇನ್ನೂ ಪೂಜೆ ಮುಗಿದಿಲ್ವಾ? ಇವತ್ತೇ ಬೇಕು ನಂಗೆ,” ಎಂದು ಅವನು ಫೋನಿನ ಮೇಲೆ ಫೋನ್ ಮಾಡುತ್ತಿದ್ದ. ಲಲಿತಮ್ಮನ ಕಾರ್ಡು ಲಿನಕ್ಸಿಗೆ ಹೇಳಿಮಾಡಿಸಿದಂಥದ್ದು, ಕೂರಿಸಿದರೆ ಸಾಕು. ಅದನ್ನು ಬಿಚ್ಚಿ ಅವನದಕ್ಕೆ ಹಾಕಿಬಿಟ್ಟೆ. ಇವರಿಗೆ ಆಮೇಲೆ ಬೇರೆ ತಂದು ಹಾಕಿದರಾಯಿತು ಎಂದುಕೊಂಡು, ಆ ಕಾರ್ಡಿನಿಂದ ಬಿಡಿಸಿ ಒಳಗೆ ಉಳಿದ ಎರಡು ಸಣ್ಣ ತಂತಿಗಳಿಗೆ ಕೆಂಪು ಟೇಪ್ ಸುತ್ತಿ ಮುಚ್ಚಿದೆ. ನಾನು ಕಾಫಿಗೆ ಹೋಗಿದ್ದಾಗ ಲಲಿತಮ್ಮ ಕಳಿಸಿದ ಆಟೋದವನು ಬಂದ. ಅಂಗಡಿಯಲ್ಲಿದ್ದ ನನ್ನ ಹೆಂಡತಿ ವಿಷಯ ಗೊತ್ತಿಲ್ಲದೆ ಅವರ ಲ್ಯಾಪ್‌ಟಾಪನ್ನು ಕೊಟ್ಟು ಕಳಿಸಿದಳು.

ಸಂಜೆ ಲಲಿತಮ್ಮನ ಫೋನ್ ಬಂತು.

“ವೈಫೈ ಬರ್ತಾನೇ ಇಲ್ವಲ್ರೀ. ನಾಳೆ ಅಕ್ಕಂಗೆ ಹಾರ್ಟ್ ಆಪರೇಷನ್. ನನ್ ಜೊತೆ ಮಾತಾಡದೆ ಸೈನ್ ಹಾಕಲ್ಲ ಅಂತ ಹಟ ಮಾಡ್ಕೊಂಡು ಕೂತಿದಾಳೆ. ಹೋಗೋಣ ಅಂದ್ರೆ ನನ್ ಕಾಲಿಗೆ ಪ್ಲಾಸ್ಟರ್.”

“ಡ್ರೈವರ್ ಪ್ರಾಬ್ಲಮ್ ಅಮ್ಮ. ಆಫ್ ಮಾಡಿ ಆನ್ ಮಾಡಿ, ಸ್ವಲ್ಪ ಹೊತ್ತು ಬಿಡಿ. ತಾನೇ ಸರಿಹೋಗುತ್ತೆ.”

“ನೀವು ಹೇಳಿದ್ಮೇಲೆ ಆಯ್ತು ಬಿಡಿ.”

ಎದ್ದು ಹೋಗಿ ನನ್ನ ಮೊಬೈಲನ್ನಾದರೂ ಅವರ ಕೈಗೆ ಕೊಡಬಹುದಿತ್ತು. ಆದರೆ ಹೋದರೆ ನಿಜ ಹೇಳಬೇಕಾಗುತ್ತಿತ್ತು. ಹೋಗಲಿಲ್ಲ.

ಬೆಳಿಗ್ಗೆ ಎಸ್.ಪಿ. ರಸ್ತೆಯಲ್ಲಿ ಅಂಗಡಿ ತೆರೆಯುವುದನ್ನೇ ಕಾದಿದ್ದು ಒಂದು ಕಾರ್ಡ್ ಕೊಂಡು ಅವರ ಮನೆಗೆ ಹೋದೆ. ಲಲಿತಮ್ಮ ಕುರ್ಚಿಯಲ್ಲಿ ನಗುತ್ತ ಕೂತಿದ್ದರು.

“ನೀವು ಹೇಳಿದ ಹಾಗೇ ಮಾಡ್ದೆ, ಬಂದ್ಬಿಡ್ತು. ಚೆನ್ನಾಗಿ ಬೈದೆ ಅವಳನ್ನ, ಎರಡೂ ಕೈಯಲ್ಲಿ. ಆಮೇಲೆ ಸೈನ್ ಹಾಕಿದ್ಲು. ಈಗ ಒಳಗೆ ಕರ್ಕೊಂಡು ಹೋಗಿದಾರಂತೆ.”

ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು. ಪರದೆಯ ಮೂಲೆಯಲ್ಲಿ ವೈಫೈ ಗುರುತು ಪೂರ್ತಿ ತುಂಬಿತ್ತು. ಯಾವ ಕೇಬಲ್ಲೂ ಇರಲಿಲ್ಲ, ಪಕ್ಕದಲ್ಲಿ ಏನನ್ನೂ ಸಿಕ್ಕಿಸಿರಲಿಲ್ಲ. ಆಫ್ ಮಾಡಿ, ತಿರುಗಿಸಿ, ಹಿಂಬದಿ ಬಿಚ್ಚಿದೆ. ಕಾರ್ಡಿನ ಜಾಗ ಖಾಲಿ. ನಾನು ಸುತ್ತಿದ ಕೆಂಪು ಟೇಪು ಸುತ್ತಿದ ಹಾಗೇ ಇತ್ತು.

ಹೊಸ ಕಾರ್ಡ್ ಕೂರಿಸಿ ಆನ್ ಮಾಡಿದರೆ ವೈಫೈ ಹೋಗಿತ್ತು. ಈಗ ನಿಜವಾಗಿಯೂ ಡ್ರೈವರ್ ಸಮಸ್ಯೆ. ನನ್ನ ಮೊಬೈಲಿನ ಇಂಟರ್ನೆಟ್ಟನ್ನು ಕೇಬಲ್ಲಿನಲ್ಲಿ ಕೊಟ್ಟು, ಡ್ರೈವರ್ ಇಳಿಸಿ, ಕಮಾಂಡ್ ಮೇಲೆ ಕಮಾಂಡ್ ಒತ್ತಿ, ಅದು ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಬರಿದಾಗಿದ್ದಾಗ ನಡೆದದ್ದು, ಕಾರ್ಡ್ ಹಾಕಿದ ಮೇಲೆ ಅಷ್ಟು ಹೊತ್ತು ಸತಾಯಿಸಿತು.

ಕಾರ್ಡ್ ತೆಗೆದೆ ಎಂಬುದೇ ನಿಮ್ಮ ಭ್ರಮೆ ಎಂದು ತಿಳಿದವರೊಬ್ಬರು ಹೇಳಿದರು. ಭ್ರಮೆಯಲ್ಲ. ಆ ಕಾರ್ಡು ನಗರ್ತಪೇಟೆಯ ಲ್ಯಾಪ್‌ಟಾಪಿನಲ್ಲಿತ್ತು. ಆಮೇಲೆ ಅದನ್ನೂ ಬಿಚ್ಚಿ ಕಣ್ಣಾರೆ ನೋಡಿದ್ದೇನೆ. ನನ್ನ ಕೈ ಮಾಡಿದ ಕೆಲಸ ನನಗೆ ಗೊತ್ತು.

ಅಕ್ಕ ಗುಣವಾದರು. ಅವರು ಆಸ್ಪತ್ರೆಯಿಂದ ಹುಬ್ಬಳ್ಳಿಯ ಮನೆಗೆ ಬಂದ ಮೇಲೆ ಲಲಿತಮ್ಮ ನನ್ನನ್ನು ಕರೆಸಿ ಪರದೆಯ ಮುಂದೆ ನಿಲ್ಲಿಸಿದರು. ಅಕ್ಕ ನನ್ನ ಕಡೆ ಬೆರಳು ತೋರಿಸಿ ಕೈಯಲ್ಲಿ ಏನೋ ಕೇಳಿದರು.

“ಆವತ್ತು ಸರಿಮಾಡಿದ್ದು ಇವ್ರೇನಾ ಅಂತಾಳೆ. ಹೂಂ ಅನ್ನಿ,” ಎಂದರು ಲಲಿತಮ್ಮ.

ನಾನು ತಲೆಯಾಡಿಸಿದೆ. ಆ ಸುಳ್ಳನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಸರಿಮಾಡಿದ್ದು ನಾನಲ್ಲ.